ರೈಲಿಲ್ಲದ ಹೊತ್ತಿನ ಓಟ

ನಮ್ಮೂರು ಚಿಕ್ಕಜಾಜೂರಿನಲ್ಲಿ ಯಾರೂ ಸುಮ್ಮನೆ ಓಡುವುದಿಲ್ಲ. ಓಡುತ್ತಿದ್ದಾರೆಂದರೆ ರೈಲು ಬಂದಿದೆ ಎಂದೇ ಲೆಕ್ಕ. ಬೆಂಗಳೂರು-ಹುಬ್ಬಳ್ಳಿ ಮಾರ್ಗದಿಂದ ಚಿತ್ರದುರ್ಗ, ರಾಯದುರ್ಗ, ಬಳ್ಳಾರಿ ಕಡೆಗೆ ಹಳಿ ಕವಲೊಡೆಯುವ ಜಂಕ್ಷನ್ ನಮ್ಮದು. ಊರು ಸಣ್ಣದು, ಸ್ಟೇಷನ್ನು ದೊಡ್ಡದು. ಇಲ್ಲಿ ಹುಟ್ಟಿದ ಕೂಸು ಅಂಬೆಗಾಲಿಡುವ ಮೊದಲೇ ಅನೌನ್ಸ್‌ಮೆಂಟಿಗೆ ಕಿವಿ ಕೊಡುತ್ತದೆ. ಇಂಥ ಊರಿನ ಸ್ಟೇಷನ್ ರಸ್ತೆಯಲ್ಲಿ, ಬೆಳಗಿನ ಜಾವ ಐದೂಕಾಲಿಗೆ, ನಲವತ್ಮೂರು ವರ್ಷದ ಗಂಡಸೊಬ್ಬ ಚಡ್ಡಿ ಬನೀನಿನಲ್ಲಿ ಏದುಸಿರು ಬಿಡುತ್ತ ಓಡಿದರೆ ಏನಾದೀತು ಎಂದು ನಾನು ಮೊದಲೇ ಯೋಚಿಸಬೇಕಿತ್ತು.

ಟೀ ಅಂಗಡಿಯ ಬೆಂಚಿನ ಮೇಲೆ ಐದಾರು ಜನ ಕೂತಿದ್ದರು. ನಾನು ದಾಟಿ ಹೋದೆ. ಹಿಂದೆ ಗ್ಲಾಸು ಕುಕ್ಕಿದ ಸದ್ದು, ಆಮೇಲೆ "ಬಂತು ಕಣ್ರೋ!" ಎಂಬ ಕೂಗು. ತಿರುಗಿ ನೋಡಿದರೆ ಅಷ್ಟೂ ಜನ ನನ್ನ ಬೆನ್ನಿಗೆ. ಒಬ್ಬನ ಹೆಗಲಲ್ಲಿ ಚೀಲ, ಇನ್ನೊಬ್ಬನ ಕಂಕುಳಲ್ಲಿ ಅರೆನಿದ್ದೆಯ ಮಗು. ತಲೆ ಮೇಲೆ ಹೂವಿನ ಪುಟ್ಟಿ ಹೊತ್ತ ಅಜ್ಜಿಯೊಬ್ಬಳು ಅವರೆಲ್ಲರಿಗಿಂತ ಮುಂದೆ. ಅಜ್ಜಿ ನೋಡನೋಡುತ್ತಲೇ ನನ್ನನ್ನೂ ಹಿಂದೆ ಹಾಕಿದಳು. ಹೋಗುವಾಗ, "ಬಿರಬಿರ ಬಾರಪ್ಪ, ನಿಲ್ಲಾದು ಎರಡೇ ನಿಮಿಷ" ಎಂದು ನನಗೇ ಧೈರ್ಯ ಹೇಳಿದಳು.

ಪ್ಲಾಟ್‌ಫಾರಂ ಮೇಲೆ ಎರಡು ನಾಯಿ ಮಲಗಿದ್ದವು. ಸಿಗ್ನಲ್ಲು ಕೆಂಪಗಿತ್ತು. ಎಲ್ಲರೂ ಹಳಿ ನೋಡಿದರು, ಆಮೇಲೆ ನನ್ನನ್ನು ನೋಡಿದರು.

"ಯಾವ್ ಗಾಡೀರಿ ಇದು?"

"ಗಾಡಿ ಇಲ್ಲ. ನಾನು ಸುಮ್ಮನೆ ಓಡ್ತಿದ್ದೆ."

ಅಜ್ಜಿ ಪುಟ್ಟಿ ಇಳಿಸಿ ಸುಧಾರಿಸಿಕೊಂಡು ಕೇಳಿದಳು: "ಗಾಡಿ ಇಲ್ದೆ ಯಾಕಪ್ಪ ಓಡ್ತೀಯ?"

ಈ ಪ್ರಶ್ನೆಗೆ ಉತ್ತರ ಹೊಳೆಯದೆ ಒಂಬತ್ತು ತಿಂಗಳು ಕಳೆದೆ.

ಇದಕ್ಕೆಲ್ಲ ಮೂಲ ಮಂಡಕ್ಕಿ. ನನ್ನ ಕೆಲಸ ಹೊಳಲ್ಕೆರೆಯ ಒಂದು ಕಚೇರಿಯಲ್ಲಿ. ಯಾವ ಕಚೇರಿ ಎಂದು ಹೇಳಲಾರೆ, ಇನ್ನೂ ಹದಿನೇಳು ವರ್ಷ ಸರ್ವಿಸ್ ಇದೆ. 2024ರ ನವೆಂಬರಿನ ಒಂದು ಸಂಜೆ ಅಲ್ಲಿಂದ ಬರುವಾಗ ಮಂಡಕ್ಕಿ, ಮಿರ್ಚಿ ಕಟ್ಟಿಸಿಕೊಂಡು ಬಂದೆ. ತಿಂದಾದ ಮೇಲೆ ಪೊಟ್ಟಣದ ಪೇಪರು ಓದುವುದು ನನ್ನ ಹಳೇ ಚಾಳಿ. ಬೆಂಗಳೂರು ದಕ್ಷಿಣದ ಸಂಸದ ತೇಜಸ್ವಿ ಸೂರ್ಯ ಅಕ್ಟೋಬರ್ 27ರಂದು ಗೋವಾದಲ್ಲಿ 1.9 ಕಿ.ಮೀ. ಈಜಿ, 90 ಕಿ.ಮೀ. ಸೈಕಲ್ ತುಳಿದು, 21.1 ಕಿ.ಮೀ. ಓಡಿ ಐರನ್‌ಮ್ಯಾನ್ 70.3 ಮುಗಿಸಿದರು ಎಂದು ಅದರಲ್ಲಿತ್ತು. ಈಜು, ಸೈಕಲ್ಲು, ಓಟ. ಮೂರೂ ನನಗೆ ಎಂಟನೇ ಕ್ಲಾಸಿನಲ್ಲೇ ಬರುತ್ತಿದ್ದವು! ಸುದ್ದಿಯ ಕೊನೆಯ ಭಾಗದ ಮೇಲೆ ಮಿರ್ಚಿ ಕೂತಿತ್ತು. ಮೂರನ್ನೂ ಒಂದೇ ದಿನ, ಒಂದರ ಬೆನ್ನಿಗೊಂದು, ನಡುವೆ ಊಟಕ್ಕೂ ಬಿಡದೆ ಮಾಡಬೇಕು ಎನ್ನುವ ಸಾಲೇನಾದರೂ ಇದ್ದಿದ್ದರೆ ಅದು ಎಣ್ಣೆಯಲ್ಲಿ ಮುಳುಗಿಹೋಗಿತ್ತು. ಸೋಮವಾರ ಈಜು, ಬುಧವಾರ ಸೈಕಲ್ಲು, ಭಾನುವಾರ ಓಟ, ಹೀಗೇನೋ ಇರಬೇಕು ಎಂದುಕೊಂಡು ನಿಶ್ಚಯ ಮಾಡಿದೆ. ನಿಜ ತಿಳಿಯುವ ಹೊತ್ತಿಗೆ ಊರಿಗೆಲ್ಲ ಹೇಳಿಕೊಂಡು ಬಂದಾಗಿತ್ತು.

ನಮ್ಮ ಜಿಲ್ಲೆಯಲ್ಲಿ ಕೋಟೆಯ ಗೋಡೆಯನ್ನು ಬರಿಗೈಯಲ್ಲಿ ಹತ್ತುವ ಜ್ಯೋತಿರಾಜ್ ಇದ್ದಾರೆ. ನಾನು ಅಟ್ಟ ಹತ್ತಬೇಕಾದರೆ ಏಣಿ ಹಿಡಿಯಲು ಇಬ್ಬರು ಬೇಕು. ಆದರೆ ಮಾತು ಆಡಿಯಾಗಿತ್ತಲ್ಲ.

ಈ ಹುಚ್ಚು ಹತ್ತಿದ್ದು ಯಾರಿಗೆ ಮೊದಲು ಎಂದು ಹುಡುಕಿದೆ. ಹವಾಯಿ ದ್ವೀಪದಲ್ಲಿ ಜಾನ್ ಕಾಲಿನ್ಸ್ ಎಂಬ ನೌಕಾಪಡೆಯ ಅಧಿಕಾರಿ ಇದ್ದ. ಈಜುವವನು ಗಟ್ಟಿಯೋ, ಸೈಕಲ್ ತುಳಿಯುವವನೋ, ಓಡುವವನೋ ಎಂದು ಅಲ್ಲಿ ಒಂದು ಹರಟೆ ಎದ್ದಿತು. ನಮ್ಮಲ್ಲಾದರೆ ಇಂಥ ಹರಟೆ ಅರಳೀಕಟ್ಟೆಯಲ್ಲಿ ಹುಟ್ಟಿ ಅಲ್ಲೇ ಎಲೆಯಡಿಕೆ ಉಗಿಯುವುದರೊಂದಿಗೆ ಮುಗಿಯುತ್ತದೆ. ಅವರು ಅಷ್ಟಕ್ಕೇ ಬಿಡದೆ ಮೂರನ್ನೂ ಸೇರಿಸಿ ಒಂದೇ ಪಂದ್ಯ ಮಾಡಿದರು. 1978ರ ಫೆಬ್ರವರಿ 18ರಂದು ಹದಿನೈದು ಜನ ಹೊರಟರು, ಹನ್ನೆರಡು ಜನ ಮುಗಿಸಿದರು. ಮೊದಲು ಬಂದವನು ಗಾರ್ಡನ್ ಹ್ಯಾಲರ್, 11 ಗಂಟೆ 46 ನಿಮಿಷ 58 ಸೆಕೆಂಡು. ಎರಡನೆಯವನಿಗೆ ದಾರಿಯಲ್ಲಿ ನೀರು ಮುಗಿದು, ಜೊತೆಯವರು ಬಿಯರ್ ಕುಡಿಸಿದರಂತೆ. ಈ ಕೊನೆಯ ಸಂಗತಿಯನ್ನು ನಾನು ಮನೆಯಾಕೆಗೆ ಓದಿ ಹೇಳಬಾರದಿತ್ತು.

ಅವರದು 3.8 ಕಿ.ಮೀ. ಈಜು, 180 ಕಿ.ಮೀ. ಸೈಕಲ್ಲು, 42.2 ಕಿ.ಮೀ. ಓಟ. ನನ್ನಂಥವರಿಗಾಗಿ ಇರುವುದು 750 ಮೀಟರ್, 20 ಕಿ.ಮೀ., 5 ಕಿ.ಮೀ. ಇದಕ್ಕೆ ಸ್ಪ್ರಿಂಟ್ ಎಂದು ಹೆಸರು. ಹೆಸರಿಟ್ಟವನು ನನ್ನ ಓಟ ನೋಡಿರಲಿಲ್ಲ.

ಆಫೀಸು ಹತ್ತರಿಂದ ಐದೂವರೆ. ಹೋಗಿಬರುವುದು, ಮಗಳ ಟ್ಯೂಷನ್ನು, ಅವ್ವನ ಬಿ.ಪಿ. ಮಾತ್ರೆ, ತಿಂಗಳಿಗೆ ನಾಲ್ಕು ಗೃಹಪ್ರವೇಶ ಕಳೆದು ಉಳಿದ ಹೊತ್ತನ್ನು ಹುಡುಕಿ, ಅಡುಗೆಮನೆಯ ಬೆಂಗಳೂರು ಪ್ರೆಸ್ ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಿನಿಂದ ಗುರುತು ಹಾಕಿದೆ. 'ಈ' ಅಂದರೆ ಈಜು, 'ಸೈ' ಅಂದರೆ ಸೈಕಲ್ಲು, 'ಓ' ಅಂದರೆ ಓಟ. ಆದರೆ ಆ ಕ್ಯಾಲೆಂಡರಿಗೆ ಇಪ್ಪತ್ತು ವರ್ಷದಿಂದ ಯಜಮಾನಿಕೆ ಬೇರೆಯವರದು. ಹಾಲಿನ ಲೆಕ್ಕ, ಸಂಘದ ಕಂತು, ಗ್ಯಾಸ್ ಬಂದ ದಿನ ಎಲ್ಲ ಅಲ್ಲೇ. ಡಿಸೆಂಬರಿನ ಕೊನೆಗೆ ಹಾಲಿನವನು ಬಂದಾಗ ಮನೆಯಾಕೆ ನನ್ನ 'ಓ'ಗಳನ್ನೆಲ್ಲ ಹಾಲು ಹಾಕದ ದಿನದ ಸೊನ್ನೆ ಎಂದು ಎಣಿಸಿ ಹನ್ನೆರಡು ದಿನದ ದುಡ್ಡು ಹಿಡಿದಳು. ಹಾಲಿನವನು ದೇವರಾಣೆ ಮಾಡಿದ. ಆ ಹನ್ನೆರಡರಲ್ಲಿ ನಾನು ನಿಜವಾಗಿ ಓಡಿದ್ದು ಮೂರೇ ದಿನ ಎಂಬುದು ಪಂಚಾಯ್ತಿಯಲ್ಲಿ ಹೊರಬಿದ್ದದ್ದು ಹೀಗೆ.

ಈಜಿನದು ಬೇರೆಯದೇ ಪುರಾಣ. ನಾನು ಈಜು ಕಲಿತದ್ದು ಸೋದರಮಾವನ ಅಡಿಕೆ ತೋಟದ ಬಾವಿಯಲ್ಲಿ, ಬೆನ್ನಿಗೆ ಬೆಂಡು ಕಟ್ಟಿಸಿಕೊಂಡು. ಮೂವತ್ತು ವರ್ಷದ ಮೇಲೆ ಮತ್ತೆ ಅದೇ ಬಾವಿಗೆ ಬಿದ್ದೆ. ಮಳೆ ಚೆನ್ನಾಗಿ ಆಗಿತ್ತು, ಬಾವಿ ತುಂಬಿತ್ತು. 2025ರ ಜನವರಿಯಲ್ಲಿ ಹಿರಿಯೂರಿನ ಮಾರಿಕಣಿವೆಯೇ ಕೋಡಿ ಬಿತ್ತು. 1907ರಲ್ಲಿ ಕಟ್ಟಿ ಮುಗಿಸಿದ ಅಣೆಕಟ್ಟೆ 1933ರಲ್ಲಿ ಒಮ್ಮೆ, 2022ರಲ್ಲಿ ಒಮ್ಮೆ, ಇದು ಮೂರನೇ ಸಲ. ಟಿ.ವಿ.ಯಲ್ಲಿ ಅದನ್ನು ನೋಡುತ್ತ ಅವ್ವ, "ಅಷ್ಟು ದೊಡ್ಡ ಕಣಿವೇನೇ ಎರಡನೇ ಸತಿ ತುಂಬಾಕೆ ಎಂಬತ್ತೊಂಬತ್ತು ವರ್ಷ ತಗಂತು. ನಿನಗ್ಯಾಕಪ್ಪ ಅವಸರ?" ಎಂದಳು.

ಬಾವಿಯ ಅಗಲ ಮೂವತ್ತಡಿ. ಅಡ್ಡಲಾಗಿ ಈಜಿದರೆ ನಾಲ್ಕು ಕೈ ಬೀಸುವಷ್ಟರಲ್ಲಿ ಗೋಡೆಗೆ ತಲೆ ಬಡಿಯುತ್ತದೆ. ಹಾಗಾಗಿ ಗಾಣದೆತ್ತಿನಂತೆ ಗೋಡೆಗುಂಟ ಸುತ್ತು ಹೊಡೆಯುವುದೆಂದಾಯಿತು. ಒಂದು ಸುತ್ತಿಗೆ ಇಪ್ಪತ್ತೈದು ಮೀಟರೆಂದು ಹಿಡಿದರೆ 750ಕ್ಕೆ ಮೂವತ್ತು ಸುತ್ತು. ಎಣಿಕೆ ತಪ್ಪುತ್ತಿತ್ತು. ಒಂದು ಉಪಾಯ ಮಾಡಿದೆ. ಮೂವತ್ತು ಒಣಗಿದ ಗೋಟಡಿಕೆ ತಂದು ಮೆಟ್ಟಿಲ ಮೇಲೆ ಎಡಗಡೆ ಸಾಲಾಗಿ ಇಟ್ಟೆ. ಸುತ್ತಿಗೊಂದರಂತೆ ಬಲಗಡೆ ಸರಿಸುವುದು. ನಲವತ್ತು ನಿಮಿಷ ಒದ್ದಾಡಿದೆ. ಕೈ ಬಿದ್ದುಹೋಗುವಂತಾದರೂ ಬಲಗಡೆಯ ಗುಂಪು ಬೆಳೆಯಲೊಲ್ಲದು. ತಲೆಯೆತ್ತಿ ನೋಡಿದರೆ ಮಾವ ಮೇಲಿನ ಮೆಟ್ಟಿಲಲ್ಲಿ ಕೂತು ಅಡಕತ್ತರಿಯಲ್ಲಿ ಕಟಕ್ ಎನ್ನಿಸುತ್ತಿದ್ದಾರೆ.

"ಮಾವ, ಎಷ್ಟಾಯ್ತು ಸುತ್ತು?"

"ನಂಗೇನು ಗೊತ್ತಪ್ಪ, ನಾನು ನಾಲ್ಕೇ ಹಾಕ್ಕಂಡಿದ್ದು."

ಅಲ್ಲಿಗೆ ಅದು ಈಜಿನ ಕಷ್ಟ. ಹತ್ತುವ ಕಷ್ಟ ಇನ್ನೊಂದು ದಿನ ಬಂತು. ಆ ಬಾವಿಗೆ ಗೋಡೆಯಿಂದ ಚಾಚಿದ ಕಲ್ಲಿನ ಮೆಟ್ಟಿಲು. ನಡುವೆ ಎರಡು ಮುರಿದುಬಿದ್ದಿವೆ. ನೀರು ತುಂಬಿದ್ದಾಗ ಮೇಲಿನ ಮೆಟ್ಟಿಲಿಗೆ ಕೈ ಎಟುಕುತ್ತದೆ, ಒಂದಡಿ ಇಳಿಯಿತೋ ಎಟುಕುವುದಿಲ್ಲ. ಆವತ್ತು ನಾನು ಹದಿನೇಳನೇ ಸುತ್ತಿನಲ್ಲಿದ್ದಾಗ ತ್ರೀಫೇಸ್ ಕರೆಂಟು ಬಂತು. ಆಟೋಸ್ಟಾರ್ಟರು ಟಕ್ಕೆಂದಿತು, ಮೋಟರು ಗುಂಯ್ ಎಂದಿತು. ಅಡಿಕೆ ಬುಡಕ್ಕೆ ನೀರು ಹೋಗುವುದೇನೋ ಒಳ್ಳೆಯದೇ, ಆದರೆ ನಾನು ಕಣ್ಣೆದುರೇ ಕೆಳಗಿಳಿಯುತ್ತಿದ್ದೆ. "ಮಾವಾ!" ಎಂದು ಕೂಗಿದೆ. ಮೋಟರಿನ ಸದ್ದಿನಲ್ಲಿ ನನ್ನ ಕೂಗು ನನಗೇ ಕೇಳಲಿಲ್ಲ. ಪೈಪು ತಬ್ಬಿಕೊಂಡು ಒಂದು ಗಂಟೆ ನೇತಾಡಿದೆ. ಬೋಗುಣಿಯಷ್ಟು ದೊಡ್ಡ ಆಮೆಯೊಂದು ಬಂದು, ಇದ್ಯಾವ ಜಾತಿ ಎಂಬಂತೆ ನೋಡಿ ಹೋಯಿತು. ಇಡೀ ತಾಲ್ಲೂಕಿನ ರೈತರು ಕರೆಂಟು ಇರಲಪ್ಪ ಎಂದು ಬೇಡಿಕೊಳ್ಳುವ ಹೊತ್ತಿನಲ್ಲಿ, ಕರೆಂಟು ಹೋಗಲಪ್ಪ ಎಂದು ಬಯಲು ಗಣಪತಿಗೆ ಐದು ಕಾಯಿ ಹರಕೆ ಹೊತ್ತ ಮನುಷ್ಯ ನಾನೊಬ್ಬನೇ ಇರಬೇಕು.

ಗಣಪತಿ ಕಣ್ಣು ಬಿಟ್ಟ. ಒಂಬತ್ತಕ್ಕೆ ಕರೆಂಟು ಹೋಯಿತು. ಮಾವ ಓಡಿಬಂದರು. ನನಗಾಗಿ ಅಲ್ಲ, ಮೋಟರು ಯಾಕೆ ನಿಂತಿತು ಎಂದು ನೋಡಲು.

ಹಗ್ಗ ಹಿಡಿದು ಮೇಲೆ ಬಂದು, ಮಾವನ ಬೈಕಿನ ಹಿಂದೆ ತಲೆ ಒರೆಸಿಕೊಳ್ಳುತ್ತ ಕೂತು, ಹತ್ತಕ್ಕೆ ಐದು ನಿಮಿಷವಿರುವಾಗ ಕಚೇರಿಗೆ ಹಾಜರಾದೆ. ಸಾಹಸವೇ ಸರಿ. ಆದರೆ ಹಾಜರಾತಿಯ ಯಂತ್ರಕ್ಕೆ ನನ್ನ ಹೆಬ್ಬೆರಳು ಗುರುತು ಸಿಗಲಿಲ್ಲ. ಸಿಗುವುದಾದರೂ ಹೇಗೆ, ಬೆರಳು ಒಣದ್ರಾಕ್ಷಿಯಾಗಿತ್ತು. 'ದಯವಿಟ್ಟು ಮತ್ತೊಮ್ಮೆ ಪ್ರಯತ್ನಿಸಿ' ಎಂದಿತು ಯಂತ್ರ. ಒರೆಸಿ ಇಟ್ಟೆ, ಉಜ್ಜಿ ಇಟ್ಟೆ, ಪ್ಯಾಂಟಿಗೆ ತಿಕ್ಕಿ ಇಟ್ಟೆ, ಊದಿ ಇಟ್ಟೆ. ಹಿಂದೆ ಸಾಲು ಬೆಳೆಯಿತು. ಕೊನೆಗೆ ಜವಾನ ಬಂದು ನನ್ನ ಬೆರಳನ್ನು ಮೂಗಿನ ಹತ್ತಿರ ಹಿಡಿದು ನೋಡಿ, "ಸಾರ್, ನಿಮ್ಮದು ಅಳಿಸಿ ಹೋಗೈತೆ" ಎಂದ. ಸುಕ್ಕು ಬಿಡುವ ಹೊತ್ತಿಗೆ ಹತ್ತೂ ಇಪ್ಪತ್ತೆರಡು. ಲೇಟ್ ಮಾರ್ಕು ಬಿತ್ತು. ಮೂರು ಲೇಟಿಗೆ ಅರ್ಧ ದಿನದ ಸಿ.ಎಲ್. ಹೋಗುತ್ತದೆ. ಆ ತಿಂಗಳು ನಾನು ಈಜಿದ್ದು ಆರು ಸಲ.

ಇಷ್ಟಾದರೂ ಈಜು ಬಂತಲ್ಲ ಎಂಬ ಹೆಮ್ಮೆಯಿಂದ ಒಂದು ಭಾನುವಾರ ದಾವಣಗೆರೆಗೆ ಹೋಗಿ ಈಜುಕೊಳದಲ್ಲಿ ಇಳಿದೆ. ಐದು ತಿಂಗಳು ಎಡಕ್ಕೇ ಸುತ್ತಿ ಸುತ್ತಿ ನನ್ನ ದೇಹಕ್ಕೆ ನೇರ ಹೋಗುವುದು ಮರೆತಿತ್ತು. ಹೊರಟದ್ದು ಒಂದನೇ ಪಟ್ಟಿಯಲ್ಲಿ. ಮುಖ ಎತ್ತಿದಾಗ ನಾಲ್ಕನೆಯದರಲ್ಲಿ, ಬೇಸಿಗೆ ಶಿಬಿರದ ಮಕ್ಕಳ ನಡುವೆ ಇದ್ದೆ.

ಸೈಕಲ್ಲಿನ ಮಾತಿಗೆ ಬರೋಣ. ಒಂಬತ್ತು ಸಾವಿರಕ್ಕೆ ಸೆಕೆಂಡ್‌ಹ್ಯಾಂಡ್ ಗೇರ್ ಸೈಕಲ್ಲು ತಂದೆ. ಹೊಳಲ್ಕೆರೆಗೆ ಹೋಗಿ ಬಂದರೆ ಇಪ್ಪತ್ತು ಕಿಲೋಮೀಟರಿಗೆ ಮೋಸವಿಲ್ಲ, ಆಫೀಸೂ ಆಯಿತು, ಅಭ್ಯಾಸವೂ ಆಯಿತು ಎಂದು ನನ್ನ ಎಣಿಕೆ. ಊರಿನವರ ಎಣಿಕೆಯೇ ಬೇರೆ. ಬಸ್ಸಿನಲ್ಲಿ ಹೋಗುವವನನ್ನು ಯಾರೂ ತಡೆದು ನಿಲ್ಲಿಸಲಾರರು, ಸೈಕಲ್ಲಿನವನನ್ನು ನಿಲ್ಲಿಸಬಹುದು. ಮೊದಲ ದಿನ ಒಬ್ಬರು ಮಾತ್ರೆ ಚೀಟಿ ಕೊಟ್ಟರು. ಎರಡನೇ ದಿನ ಪಹಣಿ ತೆಗೆಸಿಕೊಂಡು ಬಾ ಎಂದರು. ವಾರ ಕಳೆಯುವಷ್ಟರಲ್ಲಿ ಹ್ಯಾಂಡಲಿಗೆ ರಿಪೇರಿಯ ಮಿಕ್ಸಿ ಜಾರು, ಹೊಲಿಯಲು ಕೊಡಬೇಕಾದ ರವಿಕೆ ಬಟ್ಟೆ. ಹಿಂದೆ ಕ್ಯಾರಿಯರ್ ಇಲ್ಲವಲ್ಲ ಎಂದು ಒಬ್ಬ ಗೌಡರು ಮರುಗಿ, ತಮ್ಮ ಖರ್ಚಿನಲ್ಲೇ ಒಂದು ಹಾಕಿಸಿಕೊಟ್ಟರು. ಮರುದಿನ ಅದರ ಮೇಲೆ ಅವರದೇ ಹಿಂಡಿ ಮೂಟೆ ಬಂತು. ಈ ಪಂದ್ಯದ ಸೈಕಲ್ಲುಗಳು ಎಂಟೇ ಕೆ.ಜಿ. ಇರುತ್ತವಂತೆ. ನನ್ನ ಕ್ಯಾರಿಯರಿನ ಸ್ಟ್ಯಾಂಡೇ ಅದಕ್ಕೆ ಹತ್ತಿರ ಹತ್ತಿರ ತೂಗುತ್ತಿತ್ತು.

ಜೊತೆಗೆ ಗಾಳಿ. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರ ನೆಟ್ಟವರು ಜಾಗ ನೋಡಿಯೇ ನೆಟ್ಟಿದ್ದಾರೆ. ಆಷಾಢದಲ್ಲಿ ಹೋಗುವಾಗ ಎದುರು ಗಾಳಿ, ಸರಿ, ಬರುವಾಗ ಬೆನ್ನಿಗಿರುತ್ತದಲ್ಲ ಎಂದು ಸಮಾಧಾನ ಮಾಡಿಕೊಂಡರೆ ಸಂಜೆ ಅದೂ ನನ್ನ ಜೊತೆಗೇ ಆಫೀಸು ಮುಗಿಸಿ ತಿರುಗಿಕೊಂಡಿರುತ್ತಿತ್ತು. ಜಾಲಿಮುಳ್ಳಿನ ಪಂಕ್ಚರುಗಳ ಬಗ್ಗೆ ಬರೆಯುವುದಿಲ್ಲ, ಪಂಕ್ಚರ್ ಅಂಗಡಿಯವನು ಈ ಪತ್ರಿಕೆ ಓದುತ್ತಾನೆ.

ಸೈಕಲ್ಲಿನಿಂದ ಇಳಿದ ತಕ್ಷಣ ಓಡುವ ಅಭ್ಯಾಸವನ್ನೂ ಮಾಡಬೇಕು. ತಾಸುಗಟ್ಟಲೆ ಸುತ್ತಿದ ಕಾಲು, ಇಳಿದ ಮೇಲೂ ಸುತ್ತುತ್ತಲೇ ಇರಬೇಕು ಎಂದುಕೊಂಡಿರುತ್ತದೆ. ಮೊಣಕಾಲು ಒಂದು ಕಡೆ, ಪಾದ ಇನ್ನೊಂದು ಕಡೆ. ಒಂದು ಭಾನುವಾರ ಬೆಳಿಗ್ಗೆ ಏಳು ಗಂಟೆಗೆ ಊರ ಬಾಗಿಲಲ್ಲಿ ಸೈಕಲ್ಲು ಒರಗಿಸಿ ಓಡತೊಡಗಿದೆ. ನಾಲ್ಕು ಹೆಜ್ಜೆ ಬಲಕ್ಕೆ ಹೋದೆ, ಮೂರು ಹೆಜ್ಜೆ ಎಡಕ್ಕೆ, ಲೈಟುಕಂಬ ಹಿಡಿದು ನಿಂತೆ. ಕಟ್ಟೆಯ ಮೇಲಿದ್ದ ಹಿರಿಯರೊಬ್ಬರು ಪಕ್ಕದವರಿಗೆ, "ಒಳ್ಳೇ ಮನೆತನ. ಭಾನುವಾರ ಅಂತ ಬೆಳಿಗ್ಗೇನೇ ಹಾಕ್ಕಂಬಿಟ್ಟವ್ನೆ" ಎಂದರು. ನಾನು ಮನೆ ತಲುಪುವ ಮೊದಲೇ ಸುದ್ದಿ ತಲುಪಿತ್ತು. ಮನೆಯಾಕೆ ಬಾಗಿಲಲ್ಲೇ ಕೇಳಿದಳು: "ಹವಾಯಿಯವರದ್ದು ಅಲ್ಲಿಗೇ ನಿಲ್ತಾ, ಇಲ್ಲಿಗೂ ಬಂತಾ?"

ಪಂದ್ಯದ ಅಂಗಿ-ಚಡ್ಡಿ ಒಂದೇ ಆಗಿರುವ ಮೈಗಂಟಿದ ಬಟ್ಟೆ ಪಾರ್ಸೆಲ್ಲಿನಲ್ಲಿ ಬಂದಾಗ ಆದ ರಾದ್ಧಾಂತವನ್ನು ಬಿಟ್ಟುಬಿಡುತ್ತೇನೆ. ಅವ್ವ ಅದನ್ನು ಮೊಮ್ಮಗಳದೆಂದು ಮಡಿಸಿ ಇಟ್ಟಿದ್ದಳು.

ಪಂದ್ಯ ಇದ್ದದ್ದು ಬೆಂಗಳೂರಿನ ಆಚೆಯ ಒಂದು ಕೆರೆಯ ಹತ್ತಿರ, ಭಾನುವಾರ ಬೆಳಿಗ್ಗೆ. ಹಿಂದಿನ ದಿನ ಸಂಜೆ ಆರರೊಳಗೆ ಖುದ್ದಾಗಿ ಹೋಗಿ ನಂಬರಿನ ಚೀಟಿ ತೆಗೆದುಕೊಳ್ಳಬೇಕು, ಬೇರೆಯವರ ಕೈಗೆ ಕೊಡುವುದಿಲ್ಲ. ದುಡ್ಡು ಕಟ್ಟಿದ್ದೆ. ಸೈಕಲ್ಲನ್ನು ಶುಕ್ರವಾರವೇ ಎಳನೀರಿನ ಲಾರಿಯಲ್ಲಿ ಹಾಕಿ ಕಳಿಸಿದ್ದೆ. ಮಧ್ಯಾಹ್ನದ ರೈಲು ಹಿಡಿದರೆ ಸರಿಯಾಗಿ ತಲುಪುತ್ತೇನೆ. ಅದು ಎರಡನೇ ಶನಿವಾರವೂ ಅಲ್ಲ, ನಾಲ್ಕನೆಯದೂ ಅಲ್ಲ. ಸಿ.ಎಲ್. ಎಲ್ಲ ಬಾವಿಯಲ್ಲಿ ಮುಳುಗಿದ್ದವು. ಬೆಳಿಗ್ಗೆ ಹೋಗಿ ಬೆರಳಿಟ್ಟು, ಹನ್ನೊಂದಕ್ಕೆ ಬಿಡುತ್ತೇನೆಂದು ಸಾಹೇಬರನ್ನು ಒಪ್ಪಿಸಿದ್ದೆ.

ಹನ್ನೊಂದಕ್ಕೆ ಸರಿಯಾಗಿ ಸಾಹೇಬರು "ಒಂದೇ ನಿಮಿಷ" ಎಂದರು. ಸರ್ಕಾರಿ ಒಂದು ನಿಮಿಷ ಎಷ್ಟು ಉದ್ದ ಎಂಬುದು ಓದುಗರಿಗೆ ಗೊತ್ತಿದೆ. ಫೈಲು ಹುಡುಕಿಕೊಟ್ಟು ಬಸ್ಸು ಹತ್ತಿದೆ. ದಾರಿಯಲ್ಲಿ ಕುರಿಮಂದೆ ಅಡ್ಡ ಬಂತು. ನಮ್ಮ ಸೀಮೆಯ ಕುರಿ ಹಾರ್ನಿಗೆ ಹೆದರುವ ಕಾಲ ಹೋಗಿ ಬಹಳ ದಿನವಾಯಿತು. ಮುಂದಿನ ಕುರಿ ನಿಂತರೆ ಎಲ್ಲ ನಿಂತವು, ಹಿಂದಿನದು ಕೂತರೆ ಎಲ್ಲ ಕೂತವು. ಕುರಿ ಕಾಯುವವನು ಕಂಬಳಿ ಕೊಡವಿ, ಬಸ್ಸಿನ ಡ್ರೈವರಿನ ಹತ್ತಿರ ಬೀಡಿಗೆ ಬೆಂಕಿ ಕೇಳಿದ.

ಚಿಕ್ಕಜಾಜೂರಿನಲ್ಲಿ ಇಳಿದಾಗ ರೈಲು ಬರುವ ಅನೌನ್ಸ್‌ಮೆಂಟು ಕೇಳಿಸುತ್ತಿತ್ತು. ಹೆಗಲಲ್ಲಿ ಬ್ಯಾಗು, ಕೈಯಲ್ಲಿ ಅವ್ವ ಕಟ್ಟಿಕೊಟ್ಟ ರೊಟ್ಟಿ ಗಂಟು. ಓಡಿದೆ. ಒಂಬತ್ತು ತಿಂಗಳಲ್ಲಿ ಹಾಗೆ ಓಡಿರಲಿಲ್ಲ. ಒಬ್ಬ ಗುರುತಿನ ಹುಡುಗ ಬೈಕಿನಲ್ಲಿ ಪಕ್ಕದಲ್ಲೇ ಬಂದ. "ರೈಲು... ರೈಲು..." ಎಂದೆ. ಅವನು ನಕ್ಕು, "ಸೂಪರ್ ಸಾರ್, ಹಂಗೇ ಹೋಗಿ!" ಎಂದು ಹೆಬ್ಬೆಟ್ಟು ತೋರಿಸಿ ಮುಂದೆ ಹೋದ. ಟೀ ಅಂಗಡಿಯ ಬೆಂಚಿನ ಮೇಲೆ ನಾಲ್ಕು ಜನ ಕೂತಿದ್ದರು. ಅದರಲ್ಲಿ ಮೂವರು ಅದೇ ರೈಲಿಗೆ ಹೋಗುವವರು. ನಾನು ಕೈ ಬೀಸಿ, "ಬಂತು, ಬಂತು!" ಎಂದೆ.

"ಕೂತ್ಕಳ್ರಪ್ಪ" ಎಂದ ಟೀ ಅಂಗಡಿಯವನು, "ಅವರು ದಿನಾ ಓಡ್ತಾರೆ."

ಮೆಟ್ಟಿಲು ಹತ್ತಿ ಇಳಿದು ಪ್ಲಾಟ್‌ಫಾರಂ ಮುಟ್ಟಿದಾಗ ಕೊನೆಯ ಡಬ್ಬಿ ನನ್ನೆದುರಿಗೇ ದಾಟಿತು. ಡಬ್ಬಿಯ ಹಿಂದಿನ ದೊಡ್ಡ ಗುಣಾಕಾರ ಚಿಹ್ನೆಯನ್ನು ಅದು ಸಣ್ಣದಾಗುವವರೆಗೂ ನೋಡುತ್ತ ನಿಂತೆ. ಕೈಗಡಿಯಾರ ಪೀಂ ಎಂದಿತು. ಒಂದು ಕಿಲೋಮೀಟರು, ಐದು ನಿಮಿಷ ಹನ್ನೆರಡು ಸೆಕೆಂಡು, ನಿಮ್ಮ ಈವರೆಗಿನ ಅತಿ ವೇಗದ ಓಟ ಎಂದು ಅದರಲ್ಲಿ ಪಟಾಕಿಯ ಚಿತ್ರ ಬಂತು. ಹಿಂದೆಯೇ ಫೋನು. ಎಳನೀರಿನ ಲಾರಿಯವನು: "ಸಾರ್, ನಿಮ್ಮ ಸೈಕಲ್ಲು ಬಂದೈತೆ. ನೀವೆಲ್ಲಿದೀರ?"

ದಾವಣಗೆರೆಯಲ್ಲಿ ಹೂವು ಮಾರಿ ಅದೇ ರೈಲಿನಿಂದ ಇಳಿದಿದ್ದ ಅಜ್ಜಿ, ಬರಿದಾದ ಪುಟ್ಟಿಯನ್ನು ಸೊಂಟಕ್ಕಿಟ್ಟುಕೊಂಡು ನನ್ನ ಮುಂದೆ ಬಂದು ನಿಂತಳು. ಕಾಲಿಂದ ತಲೆವರೆಗೆ ನೋಡಿದಳು.

"ದಿನಾ ಗಾಡಿ ಇಲ್ದೆ ಓಡ್ತೀಯ. ಇವತ್ತು ಗಾಡಿ ಇತ್ತಲ್ಲಪ್ಪ, ಹತ್ಕಂಬಾರದಾಗಿತ್ತಾ?"

ನಾನು ಬೆಂಚಿನ ಮೇಲೆ ಕುಸಿದೆ. ಅಜ್ಜಿ ಪುಟ್ಟಿಯ ತಳದಲ್ಲಿ ಉಳಿದಿದ್ದ ಎರಡು ಮೊಳ ಸೇವಂತಿಗೆ ತೆಗೆದು, ಒದ್ದೆ ಬಟ್ಟೆ ಬಿಡಿಸಿ, ನನ್ನ ಕೈಗಿಟ್ಟಳು.

"ಮನೆಯಾಕಿಗೆ ಕೊಡು. ನಲವತ್ತು ರೂಪಾಯಿ."